ಪರಿಹಾರವಿಲ್ಲವೆಂದು ನಿರ್ಣಯಿಸುವವರು ಯಾರು

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ, ಸಲ್ಲೇಖನ ವ್ರತದಿಂದ, ಎಂದರೆ ಆಹಾರವನ್ನು ಹಂತಹಂತವಾಗಿ ತೊರೆದು ಸಮಭಾವದಿಂದ ದೇಹ ಬಿಡುವ ಜೈನ ವಿಧಿಯಿಂದ, ಮುಡಿಪಿದವರ ಹೆಸರುಗಳನ್ನು ಶತಮಾನಗಳ ಕಾಲ ಬಂಡೆಯ ಮೇಲೆ ಕಂಡರಿಸಲಾಗಿದೆ. ಹೊಯ್ಸಳ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆಯ ಅಂತ್ಯವೂ ಅಲ್ಲಿನ ಶಾಸನದಲ್ಲಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಈ ವ್ರತವನ್ನು ಕೆಡಿಸುವ ಐದು ಅತಿಚಾರಗಳನ್ನು, ಅಂದರೆ ಲೋಪಗಳನ್ನು, ಹೇಳುವಾಗ ಬದುಕಬೇಕೆಂಬ ಆಸೆಯನ್ನು ಮೊದಲನೆಯದಾಗಿಯೂ ಗೆಳೆಯರ ಮೇಲಿನ ಮಮತೆಯನ್ನು, ಎಂದರೆ ಮಿತ್ರಾನುರಾಗವನ್ನು, ಮೂರನೆಯದಾಗಿಯೂ ಎಣಿಸುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು ಸೀಮೆಯ ಪ್ರೇಕ್ಷಕನೊಬ್ಬನು ‘ಮಂಜುಮ್ಮೆಲ್ ಬಾಯ್ಸ್’ ಚಿತ್ರವನ್ನು ಉಸಿರು ಬಿಗಿಹಿಡಿದು ನೋಡುವಾಗ ಅವನೊಳಗೆ ಕೆಲಸ ಮಾಡುವುದು ಈ ಎರಡು ಲೋಪಗಳೇ ಆಗಿರುವುದರಿಂದ, ಆ ತವಕಕ್ಕೆ ಧರ್ಮದಲ್ಲಿ ಎಡೆಯಿದೆಯೇ ಎಂಬ ಪ್ರಶ್ನೆ ಏಳುತ್ತದೆ.

ಕೊಡೈಕೆನಾಲಿನ ಗುಣಾ ಗುಹೆಯಲ್ಲಿ 2006ರಲ್ಲಿ ನಡೆದ ಘಟನೆಯನ್ನು ಆಧರಿಸಿ ಚಿದಂಬರಂ ನಿರ್ದೇಶಿಸಿದ ಈ ಮಲಯಾಳಂ ಚಿತ್ರ 2024ರಲ್ಲಿ ತೆರೆಕಂಡಿತು. ಕುಳಿಗೆ ಬಿದ್ದ ಸುಭಾಷ್ ಉಳಿದಿರಲಾರನೆಂದು ಊರಿನವರೂ ಪೊಲೀಸರೂ ಬಗೆದಿರುವಾಗ ಗೆಳೆಯರು ಕುಳಿಯ ಬಾಯಲ್ಲಿ ಅವನ ಹೆಸರು ಹಿಡಿದು ಕೂಗುತ್ತಲೇ ಇರುತ್ತಾರೆ, ಮಳೆನೀರು ಒಳನುಗ್ಗುತ್ತದೆ, ಕಡೆಗೆ ಅವರಲ್ಲೊಬ್ಬನಾದ ಕುಟ್ಟನ್ ಹಗ್ಗ ಬಿಗಿದುಕೊಂಡು ಕತ್ತಲೆಗೆ ಇಳಿಯುತ್ತಾನೆ. ಮೇಲೆ ಹಗ್ಗ ಹಿಡಿದು ನಿಂತವರು ಹಗ್ಗಜಗ್ಗಾಟದ ತಂಡದವರು ಎಂಬುದು ಕತೆಯಲ್ಲಿ ಬರಿಯ ಅಲಂಕಾರವಲ್ಲ, ಇಬ್ಬರ ಭಾರವನ್ನು ಎಳೆದದ್ದು ಆ ತೋಳುಗಳೇ.

ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರವು ಉಪಸರ್ಗ (ಒದಗಿಬಂದ ವಿಪತ್ತು), ಬರ, ಮುಪ್ಪು, ರೋಗ ಇವುಗಳಿಗೆ ಪರಿಹಾರವೇ ಇಲ್ಲವೆಂದಾದಾಗ ಮಾತ್ರ ಸಲ್ಲೇಖನವನ್ನು ವಿಧಿಸುತ್ತದೆ. ಪರಿಹಾರವಿಲ್ಲವೆಂಬ ಈ ನಿರ್ಣಯವನ್ನು ವ್ರತಿಯು ಗುರುವಿನ ಅನುಮತಿಯೊಡನೆ ತನ್ನ ದೇಹದ ಬಗ್ಗೆ ಮಾತ್ರ ಮಾಡಬಲ್ಲನೇ ಹೊರತು, ಇನ್ನೊಬ್ಬನ ಪ್ರಾಣದ ಬಗ್ಗೆ ಮಾಡುವ ಅಧಿಕಾರ ಅವನಿಗಿಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ತಲೆಕೆಳಗಾಗಿ ಬಿದ್ದ ಪುಟ್ಟ ಮಗುವನ್ನು, ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿ, ಸುಮಾರು 20 ಗಂಟೆಗಳ ಬಳಿಕ ಜೀವಸಹಿತ ಹೊರತೆಗೆದಾಗ ಈ ಭೇದ ಕಣ್ಣಿಗೆ ಕಟ್ಟುವಂತಿತ್ತು: ಏನನ್ನೂ ತೊರೆಯಲು ಅರಿಯದ ಆ ಜೀವದ ಪರವಾಗಿ ಆಸೆ ಬಿಡುವ ಹಕ್ಕು ಮೇಲೆ ನಿಂತ ಯಾರಿಗೂ ಇರಲಿಲ್ಲ. ಜೀವಗಳು ಒಂದಕ್ಕೊಂದು ಉಪಕಾರಿಗಳು ಎಂಬ ತತ್ತ್ವವನ್ನೂ ಅದೇ ಉಮಾಸ್ವಾತಿಯೇ ಹೇಳಿದ್ದಾನೆಂಬುದನ್ನು ಇಲ್ಲಿ ನೆನೆಯಲೇಬೇಕು.

ಹೀಗೆ ನೋಡಿದರೆ ಪ್ರೇಕ್ಷಕನ ತಳಮಳ ದೇಹಮೋಹವಲ್ಲ, ಅದು ಪರರ ಪ್ರಾಣದ ಕುರಿತದ್ದು. ಕುಟ್ಟನ್‌ನ ವಿಷಯ ಇನ್ನೂ ಗಹನವಾದುದು. ಬಿದ್ದವರಾರೂ ಮರಳಿಲ್ಲವೆಂದು ತಿಳಿದೂ ಇಳಿಯುವವನಲ್ಲಿ ತನ್ನ ಬದುಕಿನ ಆಸೆ ಆ ಹೊತ್ತಿಗೆ ಸಡಿಲಿರುತ್ತದೆ, ಅದನ್ನು ಸಡಿಲಿಸಿದ್ದು ಮಾತ್ರ ಮಿತ್ರಾನುರಾಗವೇ. ಮೂರನೆಯ ಅತಿಚಾರವು ಮೊದಲನೆಯದನ್ನು ಹೀಗೆ ಅಳಿಸಿಹಾಕುವ ಸಂದರ್ಭವನ್ನು ಸೂತ್ರವು ಎತ್ತಿಕೊಂಡಿಲ್ಲ.