ಇಂದಿನ ಚಿಂತನೆ: ಬಿಚ್ಚದ ಪೊಟ್ಟಣ

 

2005ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ‘ರೋಬೋಟ್ಸ್’ ಎಂಬ ಅನಿಮೇಷನ್ ಚಿತ್ರ ಬಿಡುಗಡೆಯಾಯಿತು. ಆಗ ನಾನು ಕೆಲಸದ ಮೇಲೆ ನ್ಯೂಜೆರ್ಸಿಯಲ್ಲಿದ್ದೆ, ಮಗನಿಗೆ ಆರು ವರ್ಷ. ಬರ್ಗರ್ ಅಂಗಡಿಯೊಂದರಲ್ಲಿ ಮಕ್ಕಳ ಊಟದ ಜೊತೆ ಆ ಚಿತ್ರದ ಪುಟ್ಟ ಆಟಿಕೆ ಕೊಡುತ್ತಿದ್ದರು. ಪೊಟ್ಟಣದ ಮೇಲೆ ಇಡೀ ಸೆಟ್ಟಿನ ಚಿತ್ರ. ನಮ್ಮ ಹತ್ತಿರ ಯಾವುದಿಲ್ಲ ಎಂಬುದೇ ಮೊದಲು ಕಣ್ಣಿಗೆ ಬೀಳಬೇಕು, ಹಾಗೆ.

ಮಗ ಮೊದಲನೆಯದರ ಜೊತೆ ಎರಡು ದಿನ ಆಡಿ ಸೋಫಾದಡಿ ಮರೆತ. ಸೆಟ್ ಪೂರ್ತಿ ಮಾಡುವ ಹಠ ಹತ್ತಿದ್ದು ನನಗೆ! ಆಫೀಸಿನಿಂದ ಬರುವಾಗ ದಾರಿ ಬಳಸಿ ಹೋಗಿ ಕೊಳ್ಳುತ್ತಿದ್ದೆ. ನಮ್ಮ ಮನೆಯಲ್ಲಿ ದನದ ಮಾಂಸ ತಿನ್ನುತ್ತಿರಲಿಲ್ಲ. ಆಲೂ ಫ್ರೈಸ್ ತಿಂದು, ಬರ್ಗರನ್ನು ಪಾರ್ಕಿಂಗ್ ಜಾಗದ ಕಸದ ಡಬ್ಬಿಗೆ ಹಾಕಿಬಿಡುತ್ತಿದ್ದೆ. ತಿನ್ನಬೇಕೇ ಬೇಡವೇ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಆ ಪ್ರಾಣಿ ಯಾರ ಹಸಿವಿಗೂ ಸಾಯಲಿಲ್ಲ, ಒಂದು ಪ್ಲಾಸ್ಟಿಕ್ ಗೊಂಬೆಗಾಗಿ ಸತ್ತಿತು. ಊಟ ಆಟಕ್ಕಾಗಿ ಅಲ್ಲ ಎಂದು ಭಿಕ್ಖುಗಳು ಉಣ್ಣುವ ಮುನ್ನ ನೆನೆಯುತ್ತಾರಲ್ಲ, ಅದನ್ನು ನಾನು ಬಹುಕಾಲ ಬರಿಯ ಮಾತಿನ ರೀತಿ ಎಂದುಕೊಂಡಿದ್ದೆ.

ಚಿತ್ರದ ಕತೆ ನೆನಪಿರುವವರಿಗೆ ನಗು ಬರಬಹುದು. ಅದರಲ್ಲಿ ಒಂದು ಕಂಪನಿ ಹಳೆಯ ರೋಬೋಟ್‌ಗಳಿಗೆ ಬಿಡಿಭಾಗ ಮಾಡುವುದನ್ನೇ ನಿಲ್ಲಿಸಿ, ಹೊಸ ಮೈ ಕೊಳ್ಳಿ ಎನ್ನುತ್ತದೆ. ಕೊಳ್ಳಲಾಗದವರು ಕುಲುಮೆಗೆ. ನಾಯಕ ರಾಡ್ನಿ ದಾಯಾದಿಗಳ ಹಳೆಯ ಬಿಡಿಭಾಗ ತೊಟ್ಟೇ ಬೆಳೆದವನು, ಸಿಕ್ಕಿದ್ದರಲ್ಲೇ ಎಲ್ಲರನ್ನೂ ರಿಪೇರಿ ಮಾಡುತ್ತಾನೆ. ಥಿಯೇಟರಿನಲ್ಲಿ ತಲೆದೂಗಿದೆ. ಹೊರಗೆ ಬಂದವನೇ ಇನ್ನೊಂದು ಪೊಟ್ಟಣ ಕೊಂಡೆ.

ನಾಗಸೇನರು ಮಿಲಿಂದ ರಾಜನಿಗೆ ಹೇಳಿದ ರಥದ ಮಾತು ನಮಗೆಲ್ಲ ಗೊತ್ತು. ಚಕ್ರ ರಥವಲ್ಲ, ಅಚ್ಚು ರಥವಲ್ಲ, ‘ರಥ’ ಎಂಬುದು ಒಂದು ಹೆಸರು. ‘ಸೆಟ್’ ಕೂಡ ಹಾಗೆಯೇ. ಆದರೆ ಇಲ್ಲದ ಆ ಒಂದು ಗೊಂಬೆ ನನ್ನನ್ನು ನಿಜವಾಗಿಯೇ ಚುಚ್ಚುತ್ತಿತ್ತು. ಸಿಕ್ಕ ಗೊಂಬೆಯ ಸುಖವೋ, ಅಂಗಡಿಯ ಬಾಗಿಲಿನಿಂದ ಕಾರಿನವರೆಗೆ.

ಒಂದು ಸಂಜೆ ಪಕ್ಕದ ಮನೆಯ ಹುಡುಗ ಬಂದು ಪೊಟ್ಟಣಕ್ಕೆ ಕೈ ಹಾಕಿದ. “ಅದನ್ನು ಬಿಚ್ಚಬೇಡ” ಎಂದೆ, ಸ್ವಲ್ಪ ಗಟ್ಟಿಯಾಗಿಯೇ. ಹುಡುಗ ಕೈ ಹಿಂದಕ್ಕೆಳೆದುಕೊಂಡ. ಮಗ ನನ್ನ ಮುಖ ನೋಡಿದ.

ಕಳೆದ ವಾರ ಅಟ್ಟ ಗುಡಿಸುವಾಗ ಆ ಪೆಟ್ಟಿಗೆ ಸಿಕ್ಕಿತು. ಈಗಲೂ ಒಂದು ಕಡಿಮೆ. ಮಗನಿಗೆ ಫೋನಿನಲ್ಲಿ ಹೇಳಿದೆ. ಅವನಿಗೆ ಒಂದು ಗೊಂಬೆಯ ಹೆಸರೂ ನೆನಪಿಲ್ಲ. “ಅಪ್ಪಾ, ಆವತ್ತು ನೀನು ಗದರಿದೆಯಲ್ಲ, ಆ ಹುಡುಗ ಆಮೇಲೆ ನಮ್ಮನೆಗೆ ಬರಲೇ ಇಲ್ಲ” ಎಂದ. ನನಗೆ ಅದು ಗೊತ್ತೇ ಇರಲಿಲ್ಲ.

ಎಲ್ಲ ಪೊಟ್ಟಣಗಳನ್ನೂ ಕತ್ತರಿಸಿ ಕೆಳಮನೆಯ ಮಕ್ಕಳಿಗೆ ಕೊಟ್ಟೆ. ಮಾರನೆಯ ದಿನವೇ ಒಂದರ ತೋಳು ಕಳಚಿತ್ತು. ಚಿಕ್ಕವಳು ರಬ್ಬರ್ ಬ್ಯಾಂಡ್ ಸುತ್ತಿ ಅದನ್ನೇ ಮೆಟ್ಟಿಲ ಮೇಲೆ ಓಡಿಸುತ್ತಿದ್ದಳು.