ಮನೆಯ ಕಂಪ್ಯೂಟರೂ ಯಜಮಾನನ ಕೀಲಿಕೈಯೂ



ಒಂದೇ ಸೂರಿನ ಕೆಳಗೆ ವಾಸಮಾಡಿ ಒಂದೇ ಒಲೆಯ ರೊಟ್ಟಿಯನ್ನು ಉಣ್ಣುವವರ ನಡುವೆ ಕೀಲಿಯು ಇರಬಹುದೋ ಇರಬಾರದೋ ಎಂಬದು ಹಳೆಯ ಪ್ರಶ್ನೆ. ನಂಬಿಕೆಯಿರುವಲ್ಲಿ ಕೀಲಿ ಯಾತಕ್ಕೆ ಎಂದು ಕೆಲವರು ಕೇಳುತ್ತಾರೆ. ಕೀಲಿಯಿಲ್ಲದ ಮನೆಯಲ್ಲಿ ಯಾವ ಪದಾರ್ಥವೂ ನಿಲ್ಲದೆಂದು ಬೇರೆ ಕೆಲವರು ಹೇಳುತ್ತಾರೆ. ಈಗ ಹಳ್ಳಿಯ ಮನೆಗಳಿಗೂ ಕಂಪ್ಯೂಟರು ಬಂದದ್ದರಿಂದಲೂ, ಮನೆಗೆಲ್ಲಾ ಒಂದೇ ಯಂತ್ರವಿರುವದರಿಂದಲೂ, ಈ ಪ್ರಶ್ನೆಯು ಹೊಸ ರೂಪದಲ್ಲಿ ನಮ್ಮ ಮುಂದೆ ನಿಂತಿದೆ. ಇದು ಯಂತ್ರ ಬಲ್ಲವರಿಗೆ ಮಾತ್ರ ಸೇರಿದ ವಿಷಯವೆಂದು ಎಣಿಸಬಾರದು. ಒಬ್ಬರ ಮೇಲೊಬ್ಬರಿಗೆ ಎಷ್ಟು ಅಧಿಕಾರವು ಸಲ್ಲುತ್ತದೆಂಬ ನೀತಿಯ ವಿಚಾರವೇ ಇದರಲ್ಲಿ ಅಡಗಿದೆ.

ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲೂಕಿನ ಬಾಗಳಿಯಂಥ ಊರಿನಲ್ಲಿ ಒಂದು ಮನೆಯನ್ನು ಮನಸ್ಸಿನಲ್ಲಿ ಎಣಿಸಿಕೊಳ್ಳೋಣ. ತಂದೆಯು ಮೆಕ್ಕೆಜೋಳದ ಲೆಕ್ಕವನ್ನೂ ಪಹಣಿಯ ಪ್ರತಿಯನ್ನೂ ಕಂಪ್ಯೂಟರಿನಲ್ಲಿ ಇಟ್ಟಿದ್ದಾನೆ. ತಾಯಿಯು ಸ್ವಸಹಾಯ ಸಂಘದ ಉಳಿತಾಯದ ಪಟ್ಟಿಯನ್ನು ಬರೆಯುತ್ತಾಳೆ. ಕಾಲೇಜಿಗೆ ಹೋಗುವ ಮಗಳು ವಿದ್ಯಾರ್ಥಿವೇತನದ ಕಾಗದಗಳನ್ನು ಅದರಲ್ಲೇ ಇಟ್ಟಿದ್ದಾಳೆ. ಕಿರಿಯ ಮಗನು ಆಟವಾಡುತ್ತಾನೆ. ಎಲ್ಲರಿಗೂ ಒಂದೇ ಖಾತೆ, ಗುಪ್ತಪದವೆಂಬದೇ ಇಲ್ಲ. ಒಂದು ದಿನ ಮಗಳ ಕಾಗದಗಳು ಕಾಣೆಯಾಗುತ್ತವೆ. ಕೂಡಲೆ ಎಲ್ಲರ ಕಣ್ಣೂ ಕಿರಿಯವನ ಮೇಲೆ ಬೀಳುತ್ತದೆ. ಅವನು ಅಳಿಸಿದನೋ, ತಂದೆಯು ತಿಳಿಯದೆ ಅಳಿಸಿದನೋ, ಆಟದ ಜೊತೆಗೆ ಬಂದ ದುಷ್ಟ ಪ್ರೋಗ್ರಾಮು ಅಳಿಸಿತೋ, ಯಾರು ಹೇಳುವರು? ಯಂತ್ರವನ್ನು ಕೇಳಿದರೆ ಅದು ತನಗೆ ತಿಳಿದ ಒಂದೇ ಹೆಸರನ್ನು ಹೇಳುತ್ತದೆ. ನಾಲ್ವರಿಗೆ ಒಂದೇ ಹೆಸರಿರುವಲ್ಲಿ ತಪ್ಪೆಲ್ಲವೂ ಚಿಕ್ಕವನ ತಲೆಗೆ ಬರುವದು ಲೋಕದ ರೂಢಿಯಷ್ಟೆ.

ಈ ಕಷ್ಟವು ಹೊಸದಲ್ಲ. ಒಂದು ಯಂತ್ರವನ್ನು ಅನೇಕರು ಒಂದೇ ವೇಳೆಯಲ್ಲಿ ಉಪಯೋಗಿಸುವ ಏರ್ಪಾಡನ್ನು ಫರ್ನಾಂಡೋ ಕಾರ್ಬಟೋ ಎಂಬವರೂ ಅವರ ಜೊತೆಗಾರರೂ 1961ರಲ್ಲಿ ಅಮೇರಿಕಾ ದೇಶದ ಎಂ.ಐ.ಟಿ. ಎಂಬ ವಿದ್ಯಾಲಯದಲ್ಲಿ ಮಾಡಿ ತೋರಿಸಿದರು. ಒಬ್ಬನ ಬರಹವು ಇನ್ನೊಬ್ಬನ ಕೈಗೆ ಸಿಕ್ಕಬಾರದೆಂದು ಆ ಏರ್ಪಾಡಿನಲ್ಲಿ ಪ್ರತಿಯೊಬ್ಬನಿಗೆ ಬೇರೆ ಖಾತೆಯನ್ನೂ ಬೇರೆ ಗುಪ್ತಪದವನ್ನೂ ಕೊಟ್ಟರು. ಬಳಿಕ 1969ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಎಂಬವರು ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟಲು ಆರಂಭಿಸಿದರು. ಅದರಲ್ಲಿ ಪ್ರತಿಯೊಂದು ಕಡತಕ್ಕೆ ಮೂರು ವಿಧದ ಅನುಮತಿಗಳು ಉಂಟು: ಓದುವದು, ಬರೆಯುವದು, ನಡಿಸುವದು. ಈ ಮೂರನ್ನೂ ಒಡೆಯನಿಗೆ, ಅವನ ಗುಂಪಿಗೆ, ಮಿಕ್ಕವರಿಗೆ ಎಂದು ಬೇರೆ ಬೇರೆಯಾಗಿ ಗೊತ್ತುಮಾಡಬಹುದು.

ಓದುವ ಅನುಮತಿಯು ಬೇರೆ, ಬರೆಯುವ ಅನುಮತಿಯು ಬೇರೆ ಎಂಬದು ಕೇಳಲಿಕ್ಕೆ ಕಠಿಣವಾಗಿ ತೋರಬಹುದು. ಆದರೆ ಬಾಗಳಿಯವರಿಗೆ ಇದರ ದೃಷ್ಟಾಂತವು ಊರಲ್ಲೇ ಇದೆ. ಅಲ್ಲಿಯ ಕಲ್ಲೇಶ್ವರ ಗುಡಿಯಲ್ಲಿ ಹಳಗನ್ನಡದ ಶಾಸನಗಳಿವೆ. ಸಾವಿರ ವರುಷಗಳ ಕೆಳಗೆ ಕಲ್ಲಿನಲ್ಲಿ ಕೊರೆದ ಆ ಅಕ್ಷರಗಳನ್ನು ಓದಬಲ್ಲವರೆಲ್ಲರೂ ಓದಬಹುದು. ಅವುಗಳನ್ನು ತಿದ್ದುವ ಅಧಿಕಾರವು ಯಾರಿಗೂ ಇಲ್ಲ. ಓದಲು ಬಿಟ್ಟದ್ದರಿಂದ ಊರಿಗೆ ನಷ್ಟವಾಗಲಿಲ್ಲ. ತಿದ್ದಲು ಬಿಡದಿದ್ದದರಿಂದ ಊರಿಗೆ ಅವಮಾನವೂ ಆಗಲಿಲ್ಲ. ಹಾಗೆಯೇ ಮನೆಯ ಹೊಲದ ಲೆಕ್ಕವನ್ನು ಎಲ್ಲರೂ ನೋಡುವಂತೆಯೂ ಇಬ್ಬರೇ ತಿದ್ದುವಂತೆಯೂ ಇಡಬಹುದು.

ಇಲ್ಲಿ ಒಬ್ಬಾನೊಬ್ಬನು ಆಕ್ಷೇಪಿಸಬಹುದು: “ಹೆಂಡತಿ ಮಕ್ಕಳಿಗೆ ಬೇರೆ ಬೇರೆ ಖಾತೆ ಮಾಡುವದೆಂದರೆ ಅವರನ್ನು ನಂಬುವದಿಲ್ಲವೆಂದು ಹೇಳಿದ ಹಾಗಾಗಲಿಲ್ಲವೇ?” ಇದಕ್ಕೆ ನಮ್ಮ ರಾಜ್ಯದಲ್ಲೇ ನಡೆದ ಒಂದು ಕಾರ್ಯವನ್ನು ನೋಡಿ ಉತ್ತರ ಹೇಳುವೆವು. 2000ನೆಯ ಇಸವಿಯ ಹೊತ್ತಿನಲ್ಲಿ ಕರ್ನಾಟಕ ಸರಕಾರವು ಭೂಮಿ ಎಂಬ ಯೋಜನೆಯಿಂದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅದರಲ್ಲಿ ದಾಖಲೆಯನ್ನು ಬದಲಿಸುವ ನೌಕರನು ಬರೀ ಗುಪ್ತಪದದಿಂದಲ್ಲ, ತನ್ನ ಬೆರಳಿನ ಗುರುತಿನಿಂದ ಒಳಗೆ ಹೋಗಬೇಕೆಂದು ಗೊತ್ತುಮಾಡಿದರು. ಯಾಕಂದರೆ ಗುಪ್ತಪದವನ್ನು ಇನ್ನೊಬ್ಬನಿಗೆ ಹೇಳಿಕೊಡಬಹುದು, ಆ ಮೇಲೆ “ನಾನಲ್ಲ, ಅವನು” ಎನ್ನಬಹುದು, ಬೆರಳನ್ನು ಹೇಳಿಕೊಡಲಾಗದು. ಈ ಏರ್ಪಾಡು ಕಳ್ಳನನ್ನು ಹಿಡಿಯುವದಕ್ಕೆ ಎಷ್ಟು ಉಪಯುಕ್ತವೋ ಪ್ರಾಮಾಣಿಕನನ್ನು ಕಾಯುವದಕ್ಕೂ ಅಷ್ಟೇ ಉಪಯುಕ್ತ. ತನ್ನ ಹೆಸರಿನಲ್ಲಿ ತಾನು ಮಾಡಿದ್ದೇ ಇದೆಯೆಂದು ಅವನು ಧೈರ್ಯದಿಂದ ನಿಲ್ಲಬಹುದು. ಆದದರಿಂದ ಬೇರೆ ಖಾತೆಯು ಅಪನಂಬಿಕೆಯ ಗುರುತಲ್ಲ. ಮನೆಯ ಚಿಕ್ಕ ಮಗನ ಮೇಲೆ ಸುಳ್ಳು ತಪ್ಪು ಬೀಳದಂತೆ ಅದು ತಡೆಯುತ್ತದೆ.

ಇನ್ನು ಹೆಚ್ಚು ಘನವಾದ ವಿಷಯಕ್ಕೆ ಬರುವೆವು. ಕಂಪ್ಯೂಟರಿನಲ್ಲಿ ಎರಡು ಜಾತಿಯ ಖಾತೆಗಳುಂಟು. ಸಾಮಾನ್ಯ ಖಾತೆಯವನು ತನ್ನ ಕೆಲಸವನ್ನು ಮಾಡಿಕೊಳ್ಳಬಹುದು. ಅಡ್ಮಿನಿಸ್ಟ್ರೇಟರ್ ಎಂಬ ಯಜಮಾನ ಖಾತೆಯವನು ಹೊಸ ಪ್ರೋಗ್ರಾಮುಗಳನ್ನು ಹಾಕಬಹುದು, ತೆಗೆಯಬಹುದು, ಇತರರ ಗುಪ್ತಪದವನ್ನು ಬದಲಿಸಬಹುದು, ಇತರರ ಕಡತಗಳನ್ನು ತೆರೆದು ನೋಡಲೂಬಹುದು. ಹಣ ಕೊಟ್ಟು ಯಂತ್ರವನ್ನು ತಂದ ತಂದೆಯು, “ಯಜಮಾನನು ನಾನಲ್ಲವೇ? ದಿನಾಲು ಯಜಮಾನ ಖಾತೆಯಲ್ಲೇ ಕೂಡ್ರುವೆನು” ಎನ್ನುವದು ಸಹಜ. ಆದರೆ ಅದು ಬುದ್ಧಿವಂತಿಕೆಯಲ್ಲ. ಪ್ರೋಗ್ರಾಮು ಎಂಬದು ಯಾರ ಖಾತೆಯಲ್ಲಿ ನಡೆಯುತ್ತದೋ ಅವನ ಅಧಿಕಾರವನ್ನೇ ಹೊತ್ತು ನಡೆಯುತ್ತದೆ. ಮಗನ ಸಾಮಾನ್ಯ ಖಾತೆಯಲ್ಲಿ ಹೊಕ್ಕ ಕೆಟ್ಟ ಪ್ರೋಗ್ರಾಮು ಹೆಚ್ಚಾಗಿ ಮಗನ ಕಡತಗಳನ್ನು ಕೆಡಿಸೀತು. ಯಜಮಾನ ಖಾತೆಯಲ್ಲಿ ಹೊಕ್ಕದ್ದು ಮನೆಯವರೆಲ್ಲರ ಕಡತಗಳನ್ನೂ ಯಂತ್ರವನ್ನೂ ಕೆಡಿಸಬಲ್ಲದು. ಅಧಿಕಾರ ಹೆಚ್ಚಾದವನ ಅಜಾಗ್ರತೆಯಿಂದ ಕೇಡೂ ಹೆಚ್ಚು.

ಈ ಸತ್ಯವನ್ನು ಸಾಲ್ಟ್ಜರ್, ಶ್ರೋಡರ್ ಎಂಬ ಇಬ್ಬರು ಪಂಡಿತರು 1975ರಲ್ಲಿ ಒಂದು ನಿಯಮವಾಗಿ ಬರೆದಿಟ್ಟರು: ಮನುಷ್ಯನಿಗಾಗಲಿ ಪ್ರೋಗ್ರಾಮಿಗಾಗಲಿ ಕೈಯಲ್ಲಿರುವ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕು, ಹೆಚ್ಚಿರಬಾರದು ಎಂಬದು ಅದರ ತಾತ್ಪರ್ಯ. ಆದರೂ ಮನೆಗಳಿಗೆ ಮಾರಿದ ಯಂತ್ರಗಳು ಇದನ್ನು ಬಹುಕಾಲ ಕೈಕೊಳ್ಳಲಿಲ್ಲ. 2001ರಲ್ಲಿ ಹೊರಟ ವಿಂಡೋಸ್ ಎಕ್ಸ್‌ಪಿಯನ್ನು ಹೊಸದಾಗಿ ಸ್ಥಾಪಿಸುವಾಗ ಮನೆಯವರಿಗೆ ಮಾಡಿದ ಖಾತೆಗಳೆಲ್ಲವೂ ಯಜಮಾನ ಖಾತೆಗಳೇ ಆಗುತ್ತಿದ್ದವು. 2007ರಲ್ಲಿ ಜನರ ಕೈಗೆ ಬಂದ ವಿಸ್ಟಾದಲ್ಲಿ ಯಜಮಾನನೂ ಸಾಮಾನ್ಯನಂತೆ ಕೆಲಸಮಾಡಿ, ದೊಡ್ಡ ಬದಲಾವಣೆ ಬೇಕಾದಾಗ ಮಾತ್ರ ಯಂತ್ರವು ಕೇಳಿದ ಪ್ರಶ್ನೆಗೆ ಒಪ್ಪಿಗೆ ಕೊಡುವ ಪದ್ಧತಿಯು ಬಂತು. ಅನೇಕರು ಈ ಪ್ರಶ್ನೆಯಿಂದ ಬೇಸತ್ತು ಓದದೆ ಹೂಂಗುಟ್ಟುತ್ತಾರೆ. ಓದದೆ ಹೆಬ್ಬೆಟ್ಟು ಒತ್ತಿ ಹೊಲವನ್ನು ಕಳಕೊಂಡವರ ಸುದ್ದಿಯನ್ನು ಕೇಳಿ ಬೆಳೆದವರಾದ ನಾವು ಹೀಗೆ ಮಾಡಬಹುದೇ?

ಪ್ರೋಗ್ರಾಮುಗಳಿಗೂ ಇದೇ ನಿಯಮವನ್ನು ಅನ್ವಯಿಸಬೇಕು. ಬಣವೆ ಒಟ್ಟಲು ಬಂದ ಆಳಿಗೆ ಹಿತ್ತಲ ಬಾಗಿಲನ್ನು ತೆರೆಯುತ್ತೇವೆ. ಟ್ರಂಕಿನ ಕೀಲಿಕೈಯನ್ನು ಕೊಡುವದಿಲ್ಲ. ಅವನು ಅದನ್ನು ಕೇಳಿದನಾದರೆ, ಬಣವೆಗೂ ಟ್ರಂಕಿಗೂ ಏನು ಸಂಬಂಧವೆಂದು ವಿಚಾರಿಸುತ್ತೇವೆ. ಮೊಬೈಲಿನಲ್ಲಿ ಬರೀ ದೀಪ ಹತ್ತಿಸುವ ಒಂದು ಪ್ರೋಗ್ರಾಮು, ಮನುಷ್ಯನು ಎಲ್ಲಿದ್ದಾನೆಂಬ ಗುರುತನ್ನು ಅವನಿಗೆ ತಿಳಿಸದೆ ಜಾಹೀರಾತಿನವರಿಗೆ ಕೊಡುತ್ತಿತ್ತೆಂದು ಅಮೇರಿಕಾ ದೇಶದ ವ್ಯಾಪಾರ ಆಯೋಗವು 2013ರಲ್ಲಿ ಆರೋಪ ಹೊರಿಸಿತು. ದೀಪಕ್ಕೆ ಊರಿನ ಹೆಸರು ಯಾತಕ್ಕೆ? 2015ರಲ್ಲಿ ಬಂದ ಆಂಡ್ರಾಯ್ಡ್ 6 ಮೊದಲುಗೊಂಡು, ಕ್ಯಾಮೆರಾ, ಮೈಕು, ಸ್ಥಳ ಮುಂತಾದವುಗಳಿಗೆ ಅವುಗಳ ಅಗತ್ಯ ಬಿದ್ದಾಗ ಬೇರೆ ಬೇರೆಯಾಗಿ ಅನುಮತಿ ಕೇಳುವ ಕ್ರಮವಾಯಿತು. ಕೊಟ್ಟದ್ದನ್ನು ಹಿಂದಕ್ಕೆ ತಕ್ಕೊಳ್ಳಲೂಬಹುದು. ಕೆಲಸಕ್ಕೆ ಬೇಕಾದದ್ದನ್ನು ಕೊಡಿರಿ. ಬೇಡವಾದದ್ದಕ್ಕೆ ಇಲ್ಲವೆನ್ನಲು ನಾಚಬೇಡಿರಿ.

ಈಗ ಎಲ್ಲಕ್ಕಿಂತ ಕಷ್ಟವಾದ ಪ್ರಶ್ನೆಯು ಉಳಿದಿದೆ. ಯಜಮಾನ ಖಾತೆಯವನು ಮಗಳ ಬರಹವನ್ನೂ ಹೆಂಡತಿಯ ಪತ್ರವನ್ನೂ ತೆರೆಯಬಲ್ಲನು. ಬಲ್ಲನೆಂಬ ಮಾತ್ರಕ್ಕೆ ತೆರೆಯಬಹುದೋ? ನಮ್ಮ ದೇಶದ ಪರಮೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು 2017ನೆಯ ಆಗಸ್ಟ್ 24ರಂದು, ಖಾಸಗಿತನವು ಪ್ರತಿಯೊಬ್ಬ ಮನುಷ್ಯನ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪು ಕೊಟ್ಟರು. ಆ ವ್ಯಾಜ್ಯವನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಆ ತೀರ್ಪು ಮುಖ್ಯವಾಗಿ ಸರಕಾರವನ್ನು ಕುರಿತದ್ದು. ಆದರೂ ಸರಕಾರವೇ ಮೀರಬಾರದ ಹೊಸ್ತಿಲನ್ನು ಮನೆಯೊಳಗೆ ನಾವು ಹಗುರವಾಗಿ ಮೀರುವದು ಯೋಗ್ಯವಲ್ಲ.

ಆದರೆ ಚಿಕ್ಕ ಮಕ್ಕಳ ವಿಷಯವು ಬೇರೆ. ಎಂಟು ವರುಷದ ಹುಡುಗನನ್ನು ಬಾವಿಯ ಕಟ್ಟೆಯ ಮೇಲೆ ಒಂಟಿಯಾಗಿ ಬಿಡುವದಿಲ್ಲ. ಹಾಗೆಯೇ ಅವನಿಗೆ ಹೊತ್ತಿನ ಮಿತಿಯನ್ನೂ ಪ್ರೋಗ್ರಾಮಿನ ಮಿತಿಯನ್ನೂ ಹಾಕುವದು ತಂದೆತಾಯಿಗಳ ಕರ್ತವ್ಯ. ಆದರೂ ಮಿತಿಯನ್ನು ಅವನಿಗೆ ತಿಳಿಸಿ ಹಾಕಿರಿ, ಕಾರಣವನ್ನು ಹೇಳಿರಿ, ಅವನು ಬೆಳೆದ ಹಾಗೆ ಸಡಿಲಿಸಿರಿ. ಕದ್ದು ನೋಡುವ ತಂದೆಯು ಮಗನಿಗೆ ಕದ್ದು ಮಾಡುವದನ್ನೇ ಕಲಿಸುವನು. ಪ್ರಾಯಕ್ಕೆ ಬಂದ ಮಗಳಾಗಲಿ ಹೆಂಡತಿಯಾಗಲಿ ಎಂಟು ವರುಷದ ಕೂಸಲ್ಲ. ಆಕೆಯ ಗುಪ್ತಪದವು ಆಕೆಯದೇ. “ಮುಚ್ಚಿಡುವಂಥಾದ್ದು ಏನಿದೆ, ತೋರಿಸು” ಎಂಬ ಮಾತು ನ್ಯಾಯದಂತೆ ಕೇಳಿಸುತ್ತದೆ. ಆದರೆ ಅದನ್ನು ಆಡುವವನು ತನ್ನ ಮೊಬೈಲನ್ನು ಹಾಗೆಯೇ ಮುಂದೆ ಇಡುವನೇ? ಕಾಯಲು ಕಟ್ಟಿದ ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಬೆಳೆಗೆ ಗತಿ ಏನು?

ಕೀಲಿಯೊಂದರಿಂದಲೇ ಎಲ್ಲವೂ ಸರಿಯಾದೀತೆಂದು ಹೇಳುವದಿಲ್ಲ. ಮೇಲೆ ಹೇಳಿದ ಎಂ.ಐ.ಟಿ.ಯ ಯಂತ್ರದಲ್ಲೇ ಆಲನ್ ಷೆರ್ ಎಂಬ ವಿದ್ಯಾರ್ಥಿಯು 1962ರಲ್ಲಿ, ತನಗೆ ಗೊತ್ತುಮಾಡಿದ ಹೊತ್ತು ಸಾಲದೆ, ಎಲ್ಲರ ಗುಪ್ತಪದಗಳ ಪಟ್ಟಿಯನ್ನು ಉಪಾಯದಿಂದ ಅಚ್ಚುಹಾಕಿಸಿಕೊಂಡು ಇತರರ ಖಾತೆಗಳನ್ನು ಹೊಕ್ಕನು. ಬೇಲಿಯು ಹೊಸದಾಗಿರುವಾಗಲೇ ಅದನ್ನು ದಾಟುವ ದಾರಿಯು ಸಿಕ್ಕಿತು. ಆದದರಿಂದ ಕೀಲಿಯು ನಂಬಿಕೆಯ ಕೆಲಸವನ್ನು ತಾನೇ ಮಾಡಲಾರದು, ನಂಬಿಕೆಗೆ ಸಹಾಯಮಾಡಬಲ್ಲದು.

ಹೀಗಿರುವಲ್ಲಿ ಮನೆಗಳಲ್ಲಿ ಮಾಡತಕ್ಕದ್ದೇನಂದರೆ: ಮೊದಲನೆಯದು, ಪ್ರತಿಯೊಬ್ಬರಿಗೂ ಅವರವರ ಹೆಸರಿನ ಸಾಮಾನ್ಯ ಖಾತೆಯನ್ನು ಮಾಡಿರಿ, ಯಂತ್ರದ ಒಡೆಯನಿಗೂ ದಿನದ ಕೆಲಸಕ್ಕೆ ಅಂಥದ್ದೇ ಇರಲಿ. ಎರಡನೆಯದು, ಯಜಮಾನ ಖಾತೆಯನ್ನು ಬೇರೆಯಾಗಿಟ್ಟು, ಅದರ ಗುಪ್ತಪದವನ್ನು ಕಾಗದದಲ್ಲಿ ಬರೆದು, ಹೊಲದ ಪತ್ರಗಳ ಜೊತೆಗೆ ಭದ್ರಮಾಡಿರಿ. ಪ್ರಾಯದವರಿಬ್ಬರಿಗೆ ಅದು ತಿಳಿದಿರಲಿ. ಅದನ್ನು ಬಲ್ಲವನೊಬ್ಬನೇ ಬೆಂಗಳೂರಿಗೆ ದುಡಿಯಹೋದರೆ ಅಥವಾ ತೀರಿಹೋದರೆ ಮನೆಯವರು ತಮ್ಮ ಯಂತ್ರದ ಹೊರಗೆ ನಿಲ್ಲಬಾರದು. ಮೂರನೆಯದು, ಮುಖ್ಯವಾದ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಕಡೆಯಲ್ಲಿ ಇಡಿರಿ. ಯಾಕಂದರೆ ಸಾಮಾನ್ಯ ಖಾತೆಯು ಇತರರ ಕಡತಗಳನ್ನು ಕಾದರೂ ತನ್ನವುಗಳನ್ನು ಕಾಯಲಾರದು.

ಒಡೆತನವೆಂದರೆ ಎಲ್ಲಾ ಬಾಗಿಲುಗಳನ್ನು ತೆರೆಯುವ ಶಕ್ತಿಯೆಂದು ಲೋಕವು ಎಣಿಸುತ್ತದೆ. ಆದರೆ ತೆರೆಯಬಲ್ಲ ಬಾಗಿಲನ್ನು ತೆರೆಯದೆ, ತಟ್ಟಿ ಕೇಳಿ, ಒಳಗಿನವರು ಬಾ ಎಂದ ಮೇಲೆ ಹೋಗುವವನೇ ಮನೆಯನ್ನು ಚೆನ್ನಾಗಿ ನಡಿಸುವವನು. ಇತರರಿಗೆ ಮಿತಿಯನ್ನು ಗೊತ್ತುಮಾಡುವವನು ಮೊದಲು ತನಗೆ ಮಿತಿಯನ್ನು ಗೊತ್ತುಮಾಡಿಕೊಳ್ಳಲಿ. ಆಗ ಆ ಮನೆಯಲ್ಲಿ ಕೀಲಿಯಿದ್ದರೂ ಯಾರ ಮನಸ್ಸೂ ನೋಯದು.