ನೆಟ್‌ಗೆ ಬಿದ್ದ ಚೆಂಡು, ಎರಡನೇ ಬಾಣ



*ಇಂದಿನ ಧಮ್ಮ ಚಿಂತನೆ*



ಭಾನುವಾರದ ಅಧ್ಯಯನ ಮುಗಿದ ಮೇಲೆ ನಮ್ಮ ಬಳಗದ ಸಹೋದರರೊಬ್ಬರು ಸಂಕೋಚದಿಂದಲೇ ಒಂದು ಪ್ರಶ್ನೆ ಕೇಳಿದರು. ಅವರಿಗೆ ನಲವತ್ತು ದಾಟಿದೆ. ಕೆಲಸ ಮುಗಿಸಿ ವಾರಕ್ಕೆ ಮೂರು ಸಂಜೆ ಟೆನಿಸ್ ಆಡುತ್ತಾರೆ. ಎರಡು ತಿಂಗಳಿಂದ ಆಟ ಕೈಗೆ ಹತ್ತುತ್ತಿಲ್ಲ. ಸರ್ವ್ ಮಾಡಿದರೆ ನೆಟ್‌ಗೆ, ಜೋರಾಗಿ ಹೊಡೆದರೆ ಗೆರೆಯಾಚೆಗೆ. ಮೊದಲು ಸುಲಭವಾಗಿ ಸೋಲಿಸುತ್ತಿದ್ದವರ ಎದುರೇ ಈಗ ಸೋಲು. ಆ ಸಿಟ್ಟು ಮನೆಗೆ ಬಂದರೂ ಆರುವುದಿಲ್ಲ, ಮಕ್ಕಳ ಮೇಲೆ ರೇಗುವಂತಾಗಿದೆ. "ಆಟ ಬಿಟ್ಟೇ ಬಿಡೋಣ ಅನ್ನಿಸ್ತಿದೆ. ಇಂಥ ಸಣ್ಣ ವಿಷಯಕ್ಕೂ ಧಮ್ಮದಲ್ಲಿ ಉತ್ತರ ಇದೆಯಾ?" ಎಂದರು.

ಇದೆ. ವಿಷಯವೂ ಸಣ್ಣದೇನಲ್ಲ.

ನಮ್ಮ ಕಡೆ ಟೆನಿಸ್ ಅಂಗಳಗಳು ಬಹುಕಾಲ ಅಧಿಕಾರಿಗಳ, ಸಿರಿವಂತರ ಕ್ಲಬ್ಬುಗಳಲ್ಲೇ ಇದ್ದವು. ನಮ್ಮ ಹಿರಿಯರು ಅಲ್ಲಿಗೆ ಹೋಗಿದ್ದರೆ ಹೆಚ್ಚಾಗಿ ಅಂಗಳ ಗುಡಿಸಲು, ರೋಲರ್ ಎಳೆಯಲು, ಚೆಂಡು ಹೆಕ್ಕಿಕೊಡಲು. ಅವರ ಮಕ್ಕಳು, ಮೊಮ್ಮಕ್ಕಳು ಇಂದು ರ‍್ಯಾಕೆಟ್ ಹಿಡಿದು ಅದೇ ಗೆರೆಯ ಮೇಲೆ ನಿಂತಿದ್ದಾರೆ. ಹಾಗಾಗಿ ನಮ್ಮವರ ಚೆಂಡು ನೆಟ್‌ಗೆ ಬಿದ್ದಾಗ ಹೋಗುವುದು ಒಂದು ಪಾಯಿಂಟ್ ಮಾತ್ರವಲ್ಲ. ಒಳಗೊಂದು ಹಳೆಯ ದನಿ ಏಳುತ್ತದೆ: "ಇದು ನಮ್ಮಂಥವರ ಆಟ ಅಲ್ಲ ಬಿಡು." ನಾವು ಮಾತಾಡಬೇಕಿರುವುದು ಈ ದನಿಯ ಬಗ್ಗೆ.

🏹 *ಎರಡು ಬಾಣಗಳು*

ಸಂಯುತ್ತ ನಿಕಾಯದ ಸಲ್ಲತ್ಥ ಸುತ್ತದಲ್ಲಿ ಭಗವಾನ್ ಬುದ್ಧರು ಬಾಣದ ಹೋಲಿಕೆ ಕೊಡುತ್ತಾರೆ. ನೋವು ಎಲ್ಲರಿಗೂ ತಗಲುತ್ತದೆ, ಅದು ಮೊದಲನೇ ಬಾಣ. ತಿಳಿಯದವನು ಆ ನೋವಿಗೆ ಗೋಳಾಡಿ, ಕುದಿದು, ಮನಸ್ಸಿಗೆ ಎರಡನೇ ಬಾಣವನ್ನೂ ತಾಗಿಸಿಕೊಳ್ಳುತ್ತಾನೆ. ತಿಳಿದವನಿಗೆ ಮೊದಲನೆಯದು ಮಾತ್ರ ತಾಗುತ್ತದೆ.

ಚೆಂಡು ನೆಟ್‌ಗೆ ಬಿತ್ತು. ಇದು ಮೊದಲ ಬಾಣ. ವಿಶ್ವದ ನಂಬರ್ ಒನ್ ಆಟಗಾರನಿಗೂ ಇದು ತಪ್ಪಿದ್ದಲ್ಲ. "ನನ್ನ ಕೈಲಿ ಆಗಲ್ಲ, ನನ್ನ ಹಣೆಬರಹವೇ ಇಷ್ಟು, ನೋಡುವವರು ನಗ್ತಿದ್ದಾರೆ" ಎಂಬುದು ಎರಡನೆಯದು. ಅದನ್ನು ಎದುರಾಳಿ ಬಿಟ್ಟಿಲ್ಲ. ನಮ್ಮ ಕೈಯಿಂದಲೇ ಅದು ಹೊರಟಿದೆ. ಮುಂದಿನ ಚೆಂಡು ಬರುವ ಹೊತ್ತಿಗೆ ನಾವು ಗಾಯಗೊಂಡೇ ನಿಂತಿರುತ್ತೇವೆ, ಅದೂ ತಪ್ಪುತ್ತದೆ. ಕೆಟ್ಟ ದಿನವೊಂದು ಕೆಟ್ಟ ತಿಂಗಳಾಗುವುದು ಹೀಗೆ.

☸️ *ಹಣೆಬರಹವಿಲ್ಲ, ಕಾರಣವಿದೆ*

ಹಿಂದಿನ ಜನ್ಮದ ಕರ್ಮದಿಂದಲೇ ಈ ಜನ್ಮದ ಸ್ಥಿತಿ ಎಂಬ ಮಾತನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಖಂಡಿಸಿದ್ದಾರೆ. ನಮ್ಮನ್ನು ತುಳಿದದ್ದೇ ಆ ಮಾತು. ಬುದ್ಧರು ಕಲಿಸಿದ್ದು ಪಟಿಚ್ಚಸಮುಪ್ಪಾದ: ಯಾವುದೂ ಕಾರಣವಿಲ್ಲದೆ ಹುಟ್ಟುವುದಿಲ್ಲ, ಕಾರಣ ಕಳೆದರೆ ಅದೂ ಕಳೆಯುತ್ತದೆ. ಹಣೆಬರಹವನ್ನು ಊರೊಳಗೆ ತಿರಸ್ಕರಿಸಿದ ನಾವು ಆಟದ ಅಂಗಳದಲ್ಲಿ ಅದನ್ನೇ ನಂಬಿ ಕೂರುವುದು ಸರಿಯೇ?

ಹಾಗಾದರೆ ಕಾರಣ ಹುಡುಕೋಣ. ಸರ್ವ್ ಮಾಡುವಾಗ ಚೆಂಡನ್ನು ಮೇಲಕ್ಕೆ ಎಸೆಯುವುದು ಪ್ರತಿ ಸಲ ಬೇರೆ ಬೇರೆ ಜಾಗಕ್ಕೆ ಹೋಗುತ್ತಿದೆಯೇ? ಹೊಡೆಯುವ ಮೊದಲೇ ಕಣ್ಣು ಚೆಂಡು ಬಿಟ್ಟು ಆ ಬದಿಗೆ ಓಡುತ್ತಿದೆಯೇ? ಹೆದರಿಕೆಗೆ ಹಿಡಿ ಬಿಗಿಯಾಗಿ ಮುಂಗೈ ಸೆಟೆದಿದೆಯೇ? ಎರಡನೇ ಸರ್ವ್ ತಪ್ಪೀತೆಂದು ಕೈಬೀಸನ್ನು ಅರ್ಧಕ್ಕೇ ತಡೆಯುತ್ತಿದ್ದೀರಾ? ತಡೆದರೆ ಚೆಂಡಿಗೆ ಸುತ್ತು ಸಿಗುವುದಿಲ್ಲ, ಹೆದರಿದ ತಪ್ಪೇ ಆಗಿಬಿಡುತ್ತದೆ. ರ‍್ಯಾಕೆಟ್ ತಂತಿ ಹಳೆಯದಾಗಿ ಬಿಗಿ ಕಳೆದುಕೊಂಡಿದೆಯೇ? ನಿದ್ದೆ ಸಾಲುತ್ತಿಲ್ಲವೇ? ಆಫೀಸಿನ ಅವಮಾನವನ್ನು ಹೊತ್ತು ಅಂಗಳಕ್ಕೆ ಬರುತ್ತಿದ್ದೀರಾ?

ಇವೆಲ್ಲ ಕಾರಣಗಳು. ಕಾರಣಕ್ಕೆ ಮದ್ದಿದೆ. "ನಾನೇ ಸರಿಯಿಲ್ಲ" ಎಂಬ ತೀರ್ಪಿಗೆ ಮದ್ದಿಲ್ಲ.

🎾 *ಆರ್ಥರ್ ಆಶ್ ಮಾಡಿದ್ದೇನು?*

"ಇದು ನಿಮ್ಮವರ ಆಟ ಅಲ್ಲ" ಎಂಬ ಮಾತನ್ನು ಅಮೆರಿಕದ ಕಪ್ಪು ಜನರೂ ಕೇಳಿದ್ದರು. ಆರ್ಥರ್ ಆಶ್ ಹುಟ್ಟಿದ್ದು 1943ರಲ್ಲಿ, ವರ್ಜೀನಿಯಾದ ರಿಚ್ಮಂಡ್‌ನಲ್ಲಿ. ಅವರ ತಂದೆ ಕಪ್ಪು ಜನರಿಗೆಂದೇ ಪ್ರತ್ಯೇಕಿಸಿದ್ದ ಉದ್ಯಾನವೊಂದರ ಕಾವಲುಗಾರ. ಬಿಳಿಯರ ಅಂಗಳಗಳಿಗೆ ಈ ಹುಡುಗನಿಗೆ ಪ್ರವೇಶವಿರಲಿಲ್ಲ.

1975ರ ವಿಂಬಲ್ಡನ್ ಫೈನಲ್‌ಗೆ ಬರುವಾಗ ಆಶ್‌ಗೆ 32 ತುಂಬುವುದರಲ್ಲಿತ್ತು. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, 22ರ ಜಿಮ್ಮಿ ಕಾನರ್ಸ್. ಅದುವರೆಗೆ ಆಶ್ ಅವರ ಎದುರು ಗೆದ್ದೇ ಇರಲಿಲ್ಲ. ಆಶ್ ಅದನ್ನು ಹಣೆಬರಹ ಎನ್ನದೆ ಸೋಲಿನ ಕಾರಣ ನೋಡಿದರು. ಎದುರಾಳಿ ಎಷ್ಟು ಜೋರಾಗಿ ಹೊಡೆದರೆ ಆ ಜೋರನ್ನೇ ಬಳಸಿ ಅಷ್ಟೇ ರಭಸದಿಂದ ತಿರುಗಿಸುವುದು ಕಾನರ್ಸ್ ಶಕ್ತಿ. ಆಶ್ ಆ ಜೋರನ್ನೇ ಕೊಡಲಿಲ್ಲ. ಮೆತ್ತಗೆ, ತಗ್ಗಾಗಿ, ಬದಿಗೆ ಸರಿಸಿ ಆಡಿದರು. ಬದಿ ಬದಲಿಸುವ ವಿರಾಮಗಳಲ್ಲಿ ಕುರ್ಚಿಯಲ್ಲಿ ಕಣ್ಣು ಮುಚ್ಚಿ ನಿಶ್ಚಲವಾಗಿ ಕುಳಿತರು.

ಮೊದಲೆರಡು ಸೆಟ್ 6-1, 6-1. ಮೂರನೆಯದು 5-7ರಿಂದ ಕೈತಪ್ಪಿತು. ನಾಲ್ಕನೆಯದರಲ್ಲಿ 0-3 ಹಿಂದೆ ಬಿದ್ದರು. ಎರಡನೇ ಬಾಣಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಬೇಕೆ? ಆಶ್ ಮಾತ್ರ ಕಣ್ಣು ಮುಚ್ಚಿ ಕೂರುವುದನ್ನೂ ಬಿಡಲಿಲ್ಲ, ತಮ್ಮ ಆಟದ ದಾರಿಯನ್ನೂ ಬಿಡಲಿಲ್ಲ. 6-4ರಿಂದ ಆ ಸೆಟ್ಟನ್ನೂ ಪಂದ್ಯವನ್ನೂ ಗೆದ್ದರು. ವಿಂಬಲ್ಡನ್ ಪುರುಷರ ಸಿಂಗಲ್ಸ್ ಗೆದ್ದ ಮೊದಲ ಕಪ್ಪು ಆಟಗಾರ ಅವರು. ಆಶ್ ಬೌದ್ಧರಲ್ಲ. ಆದರೆ ಸತ್ಯ ಯಾರು ನಡೆದು ತೋರಿಸಿದರೂ ಸತ್ಯವೇ.

🪕 *ತಂತಿ ಎಷ್ಟು ಬಿಗಿ ಇರಬೇಕು?*

ಆಟ ಕೆಟ್ಟಾಗ ನಾವು ಎರಡು ಅತಿಗಳಿಗೆ ಹೋಗುತ್ತೇವೆ. ಒಂದು, ಹಟಕ್ಕೆ ಬಿದ್ದು ಕೈ ಊದಿಕೊಳ್ಳುವಷ್ಟು ಹೊಡೆಯುವುದು. ಇನ್ನೊಂದು, ರ‍್ಯಾಕೆಟ್ಟನ್ನು ಅಟ್ಟಕ್ಕೆ ಎಸೆಯುವುದು.

ಅಂಗುತ್ತರ ನಿಕಾಯದಲ್ಲಿ ಸೋಣ ಭಿಕ್ಖುವಿನ ಕಥೆ ಬರುತ್ತದೆ. ಆತ ಅತಿಯಾದ ಸಾಧನೆ ಮಾಡಿಯೂ ಫಲ ಕಾಣದೆ, ಎಲ್ಲ ಬಿಟ್ಟು ಮನೆಗೆ ಮರಳುವ ಯೋಚನೆಯಲ್ಲಿದ್ದ. ಹಿಂದೆ ವೀಣೆ ನುಡಿಸುತ್ತಿದ್ದ ಅವನಿಗೆ ಬುದ್ಧರು ವೀಣೆಯ ಮಾತಿನಲ್ಲೇ ತಿಳಿಸಿದರು: ತಂತಿ ಅತಿ ಬಿಗಿಯಾದರೂ ನಾದವಿಲ್ಲ, ಅತಿ ಸಡಿಲವಾದರೂ ನಾದವಿಲ್ಲ. ಪ್ರಯತ್ನವೂ ಹಾಗೆಯೇ, ಹದದಲ್ಲಿರಬೇಕು.

ರ‍್ಯಾಕೆಟ್ ತಂತಿಗೂ ಇದೇ ಮಾತು. ಬಿಗಿ ಹೆಚ್ಚಾದರೆ ಚೆಂಡು ಹತೋಟಿಗೆ ಬರುತ್ತದೆ, ಆದರೆ ಪುಟಿತ ಕಡಿಮೆ, ತೋಳಿಗೂ ಪೆಟ್ಟು. ಸಡಿಲವಾದರೆ ಚೆಂಡು ಚಿಮ್ಮುತ್ತದೆ, ಹತೋಟಿ ತಪ್ಪುತ್ತದೆ. ಮಧ್ಯಮ ಮಾರ್ಗ ಎಂದರೆ ಅರೆಮನಸ್ಸಿನ ಆಟ ಎಂದಲ್ಲ. ಪೂರ್ತಿ ಮನಸ್ಸಿಟ್ಟು, ಹಟ ಇಲ್ಲದೆ ಆಡುವುದು.

🙏 *ಇಂದಿನ ಅಭ್ಯಾಸ*

1️⃣ ಎರಡು ಪಾಯಿಂಟುಗಳ ನಡುವೆ ನಿಯಮದ ಪ್ರಕಾರವೇ 25 ಸೆಕೆಂಡು ಸಿಗುತ್ತದೆ. ನೆಟ್‌ಗೆ ಬೆನ್ನು ಮಾಡಿ ನಡೆಯಿರಿ. ಹಿಡಿ ಸಡಿಲಿಸಿ ಮೂರು ಉಸಿರು ಗಮನಿಸಿ. ಇದೂ ಆನಾಪಾನಸತಿಯೇ. ಸಿಟ್ಟು ಬಂದಿದ್ದರೆ "ಸಿಟ್ಟು ಬಂದಿದೆ" ಎಂದಷ್ಟೇ ತಿಳಿಯಿರಿ.

2️⃣ ಸಮ್ಮಾ ವಾಚಾ ನಮಗೆ ನಾವು ಆಡಿಕೊಳ್ಳುವ ಮಾತಿಗೂ ಅನ್ವಯಿಸುತ್ತದೆ. ಕಲಿಯುತ್ತಿರುವ ಮಗುವಿಗೆ ಹೇಳಲಾಗದ ಮಾತನ್ನು ನಿಮಗೂ ಹೇಳಿಕೊಳ್ಳಬೇಡಿ. ಡಬಲ್ಸ್ ಜೊತೆಗಾರರಿಗಂತೂ ಬೇಡವೇ ಬೇಡ.

3️⃣ ಒಂದು ವಾರ ಸೋಲು ಗೆಲುವು ಬರೆಯಬೇಡಿ. ಯಾವ ಹೊಡೆತ, ಯಾವ ಹೊತ್ತಿನಲ್ಲಿ, ಯಾಕೆ ತಪ್ಪಿತು ಎಂದು ಬರೆಯಿರಿ. ಮುಂದಿನ ವಾರ ಅದರಲ್ಲಿ ಒಂದನ್ನು ಮಾತ್ರ ತಿದ್ದಿಕೊಳ್ಳಿ.

4️⃣ ಅಂಗಳದಿಂದ ಹೊರಡುವ ಮುನ್ನ ಎದುರಾಳಿಗೆ ಮನಸಾರೆ ಮೈತ್ರಿ ಕೋರಿ. ಸಿಟ್ಟನ್ನು ಮನೆಯ ಹೊಸ್ತಿಲು ದಾಟಿಸಬೇಡಿ.

ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಹತ್ತು ಪಾರಮಿತಗಳ ಪಾಲನೆಯೂ ಸೇರಿದೆ. ಅವುಗಳಲ್ಲಿ ವೀರ್ಯ ಒಂದು, ಖಂತಿ ಒಂದು. ಪ್ರಯತ್ನ ಮತ್ತು ತಾಳ್ಮೆ. ಇವನ್ನು ವಿಹಾರದಲ್ಲಿ ಓದುತ್ತೇವೆ. ಅಭ್ಯಾಸ ಮಾಡಲು ಟೆನಿಸ್ ಅಂಗಳಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ, ಅಲ್ಲಿ ಪ್ರತಿ ನಿಮಿಷಕ್ಕೊಂದು ಪರೀಕ್ಷೆ.

ಆಟ ಒಂದು ದಿನ ಮರಳಬಹುದು. ವಯಸ್ಸಾಗಿ, ಮಂಡಿ ಸವೆದು, ಮೊದಲಿನಷ್ಟು ಮರಳದೆಯೂ ಇರಬಹುದು. ಎಲ್ಲವೂ ಅನಿತ್ಯ. ಆದರೆ ಅಂಗಳದಲ್ಲಿ ನಿಲ್ಲುವ ನಿಮ್ಮ ಹಕ್ಕು ಸ್ಕೋರಿನ ಮೇಲೆ ನಿಂತಿಲ್ಲ. ಆದ್ದರಿಂದ ಸಹೋದರರೇ, ಬಿಡಬೇಡಿ. ನಾಳೆ ಸಂಜೆ ಹೋಗಿ ಆಡಿ.

ಸರ್ವರಿಗೂ ಮಂಗಳವಾಗಲಿ.
ಸಾಧು! ಸಾಧು! ಸಾಧು!

💙 *ನಮೋ ಬುದ್ಧಾಯ, ಜೈ ಭೀಮ್* 💙
_ಓದಿ, ಚಿಂತಿಸಿ, ಬಂಧುಗಳಿಗೂ ಕಳುಹಿಸಿ._